ಪದ್ಮಿನಿಯ ನೆತ್ತಿ ಮೇಲಿನ ಪ್ರಶ್ನೆ

"ಈ ಕೆಲಸ ನನ್ನ ಕಡಿಂದ ಆಗೂದಿಲ್ರಿ. ಬ್ಯಾರೆ ಕಡೆ ತಗೊಂಡ ಹೋಗ್ರಿ."

ಮುಖ ಎತ್ತಿ ಸಹ ನೋಡದೆ ಹೇಳಿಬಿಟ್ಟ ಮುತ್ತು!

ಹಳೇ ಹುಬ್ಬಳ್ಳಿಯ ಆ ಇಕ್ಕಟ್ಟಾದ ಸಂದಿಯಲ್ಲಿ, ಅವನ ಟಿಂಕರಿಂಗ್ ಅಂಗಡಿ ಮುಂದೆ ಕಾರಿನ ಕೀ ಹಿಡಿದು ನಿಂತಿದ್ದ ಭಾಗ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೊಂದು ವರ್ಷದ ಮೇಲೆ ಎದುರಿಗೆ ಬಂದಿದ್ದಾಳೆ. 'ಹೆಂಗದೀ' ಅಂತ ಒಂದು ಮಾತು ಬೇಡವೇ?

"ಯಾಕ ಆಗೂದಿಲ್ಲ? ಬೋರ್ಡಿನ ಮ್ಯಾಲೆ ಜಂಗ್, ತುಕ್ಕು ಎಲ್ಲಾ ತೆಗೀತೀವಿ ಅಂತ ಬರಸೀರಲ್ಲ!"

"ಬರಸೇನ್ರಿ. ಆದ್ರ ಈ ಗಾಡೀದು ಆಗೂದಿಲ್ಲ."

ಅವಳ ಹಿಂದೆ ನಿಂತಿತ್ತು ಅಪ್ಪನ ಕೆನೆಬಣ್ಣದ ಪದ್ಮಿನಿ ಕಾರು. ಮೈ ಇನ್ನೂ ಥಳಥಳ. ಆದರೆ ಛಾವಣಿಗೆ ಹೊದಿಸಿದ್ದ ಕಪ್ಪು ವಿನೈಲ್, ಅಂದರೆ ನಮ್ಮ ಕಡೆಯವರು ರೆಕ್ಸಿನ್ ಅನ್ನುತ್ತಾರಲ್ಲ ಅದು, ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಒತ್ತಿದರೆ ಒಳಗೆ ಹಪ್ಪಳ ಮುರಿದ ಸದ್ದು! ಹಿಂದಿನ ಗಾಜಿನ ಅಂಚಿನಿಂದ ನೀರು ಇಳಿದು, ಹೊರಗೆ ಬರಲು ದಾರಿಯಿಲ್ಲದೆ, ಕೆಳಗಿನ ತಗಡನ್ನೆಲ್ಲ ತುಕ್ಕು ತಿನ್ನುತ್ತಿತ್ತು.

'ಹೋಗಿಬಿಡಲೇ?' ಅಂದುಕೊಂಡಳು. ಆದರೆ ಅಪ್ಪನ ಮಾತು ನೆನಪಾಯಿತು.

"ನಾನಾಗಿ ಬಂದಿಲ್ಲ," ಎಂದಳು. "ಅಪ್ಪ ಹೋಗಿ ಮೂರು ತಿಂಗಳಾತು. ಹೋಗೂಕಿಂತ ಮೊದಲು ನನ್ನ ಕೈ ಹಿಡದು ಹೇಳಿದ್ರು, ಗಾಡಿ ಮ್ಯಾಲಿನ ರೆಕ್ಸಿನ್ ತೆಗಸವ್ವಾ, ಮುತ್ತೂನ ಕಡಿಂದನ ತೆಗಸು, ಬ್ಯಾರೆ ಯಾರ ಕಡೀಗೂ ಕೊಡಬ್ಯಾಡ ಅಂತ."

ಮುತ್ತುವಿನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತುಬಿಟ್ಟಿತು. ಈಗ ಮುಖ ಎತ್ತಿದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕಣ್ಣು ಮಾತ್ರ ಅವೇ...

"ಕುಬೇರಪ್ಪಾರು ನನ್ನ ಹೆಸರು ಹೇಳಿದ್ರೇನ್ರಿ?"

"ಹೂಂ. ಇಪ್ಪತ್ತೊಂದು ವರ್ಷದಾಗ ಮೊದಲನೇ ಸಲ."

ಅವನು ಸುತ್ತಿಗೆ ಕೆಳಗಿಟ್ಟ. ಆಮೇಲೆ ಕೈ ಚಾಚಿ ಕೀ ಇಸಿದುಕೊಂಡ.

"ನಾಳೆ ಮುಂಜಾನೆ ಬರ್ರಿ. ತೆಗೆಯೂವಾಗ ನೀವ ಮುಂದ ನಿಂದರಬೇಕು."

*

ಆ ದಿನ ಧಾರವಾಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಭಾಗ್ಯಶ್ರೀಗೆ ನವಲೂರು ದಾಟಿದ್ದೂ ತಿಳಿಯಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ನಲವತ್ತೆರಡರ ಮೇಡಂ, ತನ್ನದೇ ಇತಿಹಾಸದೊಳಗೆ ಬಿದ್ದುಬಿಟ್ಟಿದ್ದಳು!

ಆಗ ಅವಳಿಗೆ ಇಪ್ಪತ್ತೊಂದು. ಅಪ್ಪ ಹತ್ತಿ ವ್ಯಾಪಾರಿ, ಅವ್ವ ಮನೆ ನೋಡಿಕೊಳ್ಳುವವಳು, ಮಾಳಮಡ್ಡಿಯಲ್ಲಿ ದೊಡ್ಡ ಮನೆ. ಗ್ಯಾರೇಜಿನಿಂದ ಪದ್ಮಿನಿಯನ್ನು ತಂದು ಬಿಡುತ್ತಿದ್ದವನು ಮುತ್ತು, ಅಲ್ಲಿನ ಟಿಂಕರ್ ಬೀರಪ್ಪನ ಮಗ. ಟಿಂಕರ್‌ಗಳು ಕಾರಿನ ತಗಡಿನ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕುತ್ತಾರಲ್ಲ, ಎಲ್ಲಿ ತಗ್ಗು, ಎಲ್ಲಿ ಉಬ್ಬು ಅಂತ? ಹಾಗೇ ಒಂದು ದಿನ ಛಾವಣಿಯ ಮೇಲೆ ಒಂದು ಗುರುತಿತ್ತು. ಮಾಳಿಗೆಯಿಂದ ಬಗ್ಗಿ ನೋಡಿದವಳು ಓದಿದಳು.

'ಉಂಡ್ಯಾ?'

ಅಯ್ಯ, ಎದೆ ಡಬಡಬ ಅಂದಿತು! ಬಕೆಟ್ ಹಿಡಿದು ಓಡಿಹೋಗಿ ಕಾರು ತೊಳೆದಳು. "ನನ್ನ ಮಗಳು ಎಷ್ಟ ಶಾಣ್ಯಾ!" ಅಂತ ಅಪ್ಪ ಬೀಗಿದ್ದೇ ಬೀಗಿದ್ದು.

ಅಂದಿನಿಂದ ಪದ್ಮಿನಿಗೆ ಕಾಯಿಲೆ ಹೆಚ್ಚಾಯಿತು. ಒಂದು ವಾರ ಹಾರ್ನ್ ಹೊಡೆಯದು, ಇನ್ನೊಂದು ವಾರ ಹಿಂದಿನ ದೀಪ ಹತ್ತದು. ವೈರು ಕೀಳುತ್ತಿದ್ದವರು ಯಾರು ಅಂತ ಹೇಳಬೇಕೇ? ಕಾರು ಹೋಗಿ ಬಂದಾಗಲೆಲ್ಲ ನೆತ್ತಿಯ ಮೇಲೆ ಒಂದು ಮಾತು. ಅವಳ ಉತ್ತರ 'ಹೌದು' ಅಂತಾದರೆ ಮಾಳಿಗೆಯ ಹಗ್ಗದ ಮೇಲೆ ಅವಳ ಚೂಡಿದಾರದ ಹಸಿರು ಓಢಣಿ ಹಾರುತ್ತಿತ್ತು.

ಆಮೇಲೆ ಒಂದು ಶ್ರಾವಣದಲ್ಲಿ ಎಲ್ಲ ನಿಂತುಹೋಯಿತು. ಅಪ್ಪ ಇದ್ದಕ್ಕಿದ್ದಂತೆ ಕಾರಿಗೆ ಕಪ್ಪು ರೆಕ್ಸಿನ್ ಹೊದಿಸಿದ್ದರು. ಆಗಲೇ ಅದು ಹಳೇ ಫ್ಯಾಷನ್, ಓಣಿಯವರೆಲ್ಲ ನಕ್ಕಿದ್ದರು. ಆಮೇಲಿಂದ ಕಾರು ತಂದು ಬಿಡಲು ಬರುತ್ತಿದ್ದವನು ಬೇರೆಯವನು. ತಾಳಲಾರದೆ ಒಮ್ಮೆ ಗ್ಯಾರೇಜಿಗೆ ಫೋನ್ ಮಾಡಿದ್ದಳು. "ಮುತ್ತು, ನಾನು..." ಅಂದದ್ದೇ ತಡ, ಅವನು ಫೋನ್ ಇಟ್ಟುಬಿಟ್ಟ!

'ಯಾಕ ಬಿಟ್ಟ ಹೋದಿ?' ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ, ನೋಡಲು ಬಂದ ಹನ್ನೆರಡು ಗಂಡುಗಳಿಗೂ ಚಹಾ ಕೊಟ್ಟು ಕಳಿಸಿದ್ದಳು ಭಾಗ್ಯಶ್ರೀ.

*

ಮರುದಿನ ಮುತ್ತು ಬಿಸಿಗಾಳಿಯ ಯಂತ್ರ ಹಿಡಿದು ರೆಕ್ಸಿನ್ ಕಾಯಿಸುತ್ತ, ಅಂಚಿನಿಂದ ಮೆಲ್ಲಗೆ ಎಬ್ಬಿಸುತ್ತ ಹೋದ. ಅವಸರ ಮಾಡಿದರೆ ಕೊಳೆತ ತಗಡೂ ಕಿತ್ತು ಬರುತ್ತದೆ ಅಂದ. ಕಪ್ಪು ಹೊದಿಕೆ ಪೂರ್ತಿ ಕಳಚಿದಾಗ ಕೆಳಗೆ ಹಳದಿ ಅಂಟು, ಅಂಟಿನ ಒಳಗೆ ಕಂದು ಕಂದು ಕಲೆ.

ಅವನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಅವಳ ಕೈಗೆ ಕೊಟ್ಟ.

"ನೀವ ಒರಸ್ರಿ," ಅಂದವನು ಬೆನ್ನು ತಿರುಗಿಸಿ ನಿಂತ.

ಒರೆಸಿದಳು. ಅಂಟು ಕರಗಿತು. ತುಕ್ಕು ಎಲ್ಲೆಂದರಲ್ಲಿ ಹರಡಿರಲಿಲ್ಲ. ಗೆರೆ ಹಿಡಿದು ಬೆಳೆದಿತ್ತು! ಒಂದು ಗುಂಡಗಿನ ಗೆರೆ... ಅದರ ಕೆಳಗೆ ಒಂದು ಬಾಲ... 'ಭಾ'. ಇನ್ನೂ ಒರೆಸಿದಳು. ಮೊಳೆಯಿಂದ ಗೀಚಿದ ಒಂದೊಂದು ಅಕ್ಷರವನ್ನೂ ತುಕ್ಕು ದಪ್ಪಗೆ ತಿದ್ದಿ ಇಟ್ಟಿತ್ತು.

'ಭಾಗ್ಯಾ, ಮನಿಗೆ ಕೇಳಾಕ ಬರಲೇನು?'

ಕೊನೆಯ ಪ್ರಶ್ನೆ ಚಿಹ್ನೆಯ ಚುಕ್ಕೆ ಇದ್ದಲ್ಲಿ ತಗಡು ತೂತು ಬಿದ್ದಿತ್ತು.

"ಇದು... ಇದು ಯಾವಾಗ ಬರದಿ?"

ಮುತ್ತು ಗರ್ರನೆ ತಿರುಗಿದ. "ಯಾವಾಗ ಅಂತ ಕೇಳ್ತೀರಲ್ರಿ! ಓದಿ, ಮ್ಯಾಲೆ ಕರೇ ರೆಕ್ಸಿನ್ ಹೊಚ್ಚಿಸಿ ಉತ್ತರ ಕೊಟ್ಟವರು ನೀವ!"

"ನಾನಾ?!"

"ಅವತ್ತ ಗುರುವಾರ. ಮಳಿ ಹತ್ತಿತ್ತು, ಚಾಕ್ ನಿಲ್ಲಂಗ ಇರಲಿಲ್ಲ. ಮೊಳಿ ತಗೊಂಡು ಗೀಚಿದೆ. ಒಲ್ಲೆ ಅಂದ್ರ ನಾನ ಬಂದು ಪೇಂಟ್ ಹೊಡದು ಮುಚ್ಚಿದ್ರಾತು ಅಂದ್ಕೊಂಡೆ. ಶುಕ್ರವಾರ ನಿಮ್ಮ ಓಣ್ಯಾಗ ಏಳು ಸಲ ಸೈಕಲ್ ಹೊಡದೇನ್ರಿ, ಏಳು ಸಲ! ಹಗ್ಗದ ಮ್ಯಾಲೆ ಹಸಿರು ಓಢಣಿ ಕಾಣಲಿಲ್ಲ. ರವಿವಾರ ನೋಡಿದ್ರ ಗಾಡಿ ಮ್ಯಾಲೆ ಕರೇ ರೆಕ್ಸಿನ್. ಒಳಗ ಅಪ್ಪಾರ ಬಾಜೂಕ ಕುಂತು ನೀವು ನಗಾಕತ್ತಿದ್ರಿ!"

"ನಾ ಊರಾಗ ಇರಲಿಲ್ಲೋ ಹುಚ್ಚಪ್ಪಾ!" ಭಾಗ್ಯಶ್ರೀ ಅಳುತ್ತಲೇ ಕಿರುಚಿದಳು. "ಗುರುವಾರ ಮುಂಜಾನೆನ ಅತ್ತಿ ಮನಿಗೆ ಅಮ್ಮಿನಬಾವಿಗೆ ಹೋಗಿದ್ದೆ! ಶನಿವಾರ ಬಂದಾಗ ಗಾಡಿ ಹಿಂಗ ಇತ್ತು. ನಾ ಇದನ್ನ ನೋಡೇ ಇಲ್ಲ... ದೇವರಾಣಿ, ಇವತ್ತ ಓದಾಕತ್ತೇನಿ!"

ಮುತ್ತುವಿನ ಮುಖದ ಸಿಟ್ಟು ಇಳಿಯುತ್ತ ಇಳಿಯುತ್ತ ಬರೀ ದುಃಖ ಉಳಿಯಿತು.

"ರೆಕ್ಸಿನ್ ಹಾಕಿದವರು ಯಾರು?" ಮೆಲ್ಲಗೆ ಕೇಳಿದ.

"ಅಮೀನಸಾಬ ಕಾಕಾ. ಇಲ್ಲೇ, ಸೀಟಿನ ಕೆಲಸ ಮಾಡ್ತಿದ್ರಲ್ಲ."

"ಕಾಕಾಗ ಉರ್ದು ಅಷ್ಟ ಬರ್ತದ. ಕನ್ನಡ ಓದಾಕ ಬರೂದಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಪ್ಪ ಪೇಂಟ್ ಹೊಡೆಸಲು ಹೋಗಿದ್ದರೆ ಪೇಂಟರು ಓದುತ್ತಿದ್ದ, ಮಗಳ ಹೆಸರು ಊರ ಬಾಯಿಗೆ ಬೀಳುತ್ತಿತ್ತು. ಅದಕ್ಕೇ ಓದಲು ಬಾರದವನನ್ನು ಹುಡುಕಿ, ಒಂದೇ ದಿನದಲ್ಲಿ ಮುಚ್ಚಿಸಿಬಿಟ್ಟಿದ್ದರು ಕುಬೇರಪ್ಪ.

'ಎಲ್ಲಾ ಗೊತ್ತಿತ್ತಲ್ಲ ಅಪ್ಪಾ ನಿನಗ...' ಅವಳಿಗೆ ಸಿಟ್ಟು ಬಂತು, ಬಹಳ ಬಂತು. ಮಗಳು ಒಂದೊಂದೇ ಗಂಡು ಒಲ್ಲೆ ಅನ್ನುವುದನ್ನು ನೋಡುತ್ತ, ದಿನಾ ಅದೇ ಛಾವಣಿಯ ಕೆಳಗೆ ಕೂತು ಕಾರು ನಡೆಸಿದರಲ್ಲ! ಬಾಯಿ ಬಿಟ್ಟು ಹೇಳಲಾಗದೆ ಕೊನೆಗೆ ಇಲ್ಲಿಗೆ ಕಳಿಸಿದ್ದರು. ಬೈಯೋಣವೆಂದರೆ ಅಪ್ಪನೂ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಫೋನ್ ಯಾಕ ಇಟ್ಟಿ ಆವತ್ತ?"

"ನಿನ್ನ ದನಿ ಕೇಳಿದ್ರ ಅಳು ಬರ್ತಿತ್ತು. ಗ್ಯಾರೇಜಿನಾಗ ಎಲ್ಲಾರೂ ಇದ್ರು," ಅಂದ ಮುತ್ತು. 'ನೀವು' ಹೋಗಿ 'ನೀ' ಆಗಿದ್ದು ಅವನಿಗೇ ಗೊತ್ತಾಗಲಿಲ್ಲ. "ಆಮ್ಯಾಗ ತಂಗೀರ ಮದುವಿ ಮಾಡಿದೆ. ನನ್ನ ಮದುವಿ ಅಂದ್ರ... ಮನಸಾಗಲಿಲ್ಲ ಭಾಗ್ಯಾ."

ಅವನು ತಂತಿಯ ಬ್ರಷ್ ಎತ್ತಿಕೊಂಡ. ಅಕ್ಷರಗಳ ಹತ್ತಿರ ಒಯ್ದು ತಡೆದ.

"ಇದನ್ನ ತಿಕ್ಕಾಕ ಬೇಕು. ಬಿಟ್ರ ಇಡೀ ಟಾಪ್ ತಿಂತದ. ತೂತಾದಲ್ಲಿ ಹೊಸ ತಗಡು ಬೆಸೀಬೇಕು. ಆದ್ರ... ಕೈ ಏಳವಲ್ದು."

"ತಡಿ."

ಕಟ್ಟೆಯ ಮೇಲೆ ಬಿದ್ದಿದ್ದ ಚಾಕ್‌ಪೀಸ್ ಎತ್ತಿಕೊಂಡಳು. ಕಾಲೇಜಿನ ಹಲಗೆಯ ಮೇಲೆ ಇಷ್ಟು ವರ್ಷ ಬರೆದ ಕೈ ಅದು. ತುಕ್ಕು ಹಿಡಿದ ಪ್ರಶ್ನೆಯ ಕೆಳಗೆ ದೊಡ್ಡದಾಗಿ ಬರೆದಳು.

'ಬಾ.'

ಮುತ್ತು ಓದಿದ. ಮತ್ತೊಮ್ಮೆ ಓದಿದ. ಕಣ್ಣೀರು ಇಳಿದು ಗಡ್ಡದಲ್ಲಿ ಸೇರಿತು.

"ನಾ ಓದಿದೆ, ನೀನೂ ಓದಿದಿ," ಎಂದಳು ಭಾಗ್ಯಶ್ರೀ. "ಇನ್ನ ತಿಕ್ಕು."

*

ಹದಿನೈದು ದಿನ ಹಿಡಿಯಿತು. ತುಕ್ಕು ಕೆರೆದು, ಹೊಸ ತಗಡು ಬೆಸೆದು, ಕೆಂಪು ಪ್ರೈಮರ್ ಹಚ್ಚಿ, ಮೇಲೆ ಕೆನೆಬಣ್ಣ. ರೆಕ್ಸಿನ್ ಮಾತ್ರ ಮತ್ತೆ ಹಾಕಲಿಲ್ಲ.

ರವಿವಾರ ಮಧ್ಯಾಹ್ನ ಮಾಳಮಡ್ಡಿಯ ಮನೆ ಮುಂದೆ ಹಾರ್ನ್ ಆಯಿತು. ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಫೇಡೆ ಪೊಟ್ಟಣ ಹಿಡಿದು ಇಳಿದ ಮುತ್ತು ಮೊದಲು ಮಾಳಿಗೆಯ ಕಡೆ ನೋಡಿದ.

ಹಗ್ಗದ ಮೇಲೆ ಹಸಿರು ಓಢಣಿ! ಬಣ್ಣ ಮಾಸಿತ್ತು, ಆದರೆ ಹಾರುತ್ತಿತ್ತು.

ಅದರ ಪಕ್ಕದಲ್ಲೇ ನಿಂತಿದ್ದ ಭಾಗ್ಯಶ್ರೀ ಮಾಳಿಗೆಯ ಮೋಟುಗೋಡೆಯ ಮೇಲಿಂದ ಕೆಳಗೆ ಬಗ್ಗಿದಳು. ಪದ್ಮಿನಿಯ ಹೊಸ ನೆತ್ತಿಯ ಮೇಲೆ ಚಾಕ್‌ಪೀಸಿನ ಸಣ್ಣ ಅಕ್ಷರ.

'ಉಂಡ್ಯಾ?'

"ಇಲ್ಲೋ!" ಇಡೀ ಓಣಿಗೆ ಕೇಳುವಂತೆ ಕೂಗಿದಳು. ಇನ್ನು ಬಕೆಟ್ ಹಿಡಿದು ಓಡುವ ಅವಸರವಿರಲಿಲ್ಲ. "ಅವ್ವನೂ ನಾನೂ ನಿನ್ನ ಸಲುವಾಗಿ ಕುಂತೇವಿ!"

"ತಡಾ ಆತೇನು?"

"ಭಾಳ ಆತು... ಒಳಗ ಬಾ."