ಜಂಪ್ ಕ್ಯೂ ಬೇಡ ಅಂದವನು

"ಆ ಜಂಪ್ ಕ್ಯೂ ನಿಮಗೆ ಬೇಡ."

ರಕ್ಷಾ ತಲೆಯೆತ್ತಿ ನೋಡಿದಳು. ವಿಜಯನಗರದ ಆ ಪೂಲ್ ಆಟದ ಸಾಮಾನಿನ ಅಂಗಡಿಗೆ ಅವಳು ಕಾಲಿಟ್ಟು ಎರಡೇ ನಿಮಿಷವಾಗಿತ್ತು. ಅಂಗಡಿಯ ಗಿರಿರಾಜ್ ಅವಳ ಕೈಯಲ್ಲಿದ್ದ, ಚೆಂಡು ಹಾರಿಸುವ ಆ ಗಿಡ್ಡ ಕೋಲನ್ನು ತೆಗೆದುಕೊಂಡು ಸ್ಟ್ಯಾಂಡಿಗೆ ವಾಪಸ್ ಇಟ್ಟೇಬಿಟ್ಟ.

"ಯಾಕೆ? ಹುಡುಗೀರು ಹೊಡೆದ್ರೆ ಚೆಂಡು ಹಾರಲ್ವಾ?"

"ಹಾಗಲ್ಲ... ಇದು ತೀರಾ ಹಗುರ. ನಿಮಗೆ..." ಅವನು ತಡವರಿಸಿದ.

"ಅರ್ಥ ಆಯ್ತು ಬಿಡಿ."

ದಡದಡನೆ ಮೆಟ್ಟಿಲಿಳಿದು ಹೊರಟೇಹೋದಳು.

ಭಾನುವಾರ ರಾಜ್ಯ ತಂಡದ ಆಯ್ಕೆ. ಎರಡು ವರ್ಷದಿಂದ ಕೈತಪ್ಪಿದ ಜಾಗ. "ಇದೇ ಕೊನೇ ಸಲ ಕಣೇ, ಆಮೇಲೆ ಆಟ ಸಾಕು" ಅಂತ ಅಮ್ಮ ನೀಲಗಂಗಮ್ಮ ಹೇಳಿಬಿಟ್ಟಿದ್ದರು. ರಕ್ಷಾಗೆ ಊಟ ಸೇರುತ್ತಿರಲಿಲ್ಲ. ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗೆಳತಿಯಿಂದ ಅಂಥದ್ದೇ ಹಗುರದ ಜಂಪ್ ಕ್ಯೂ ಎರವಲು ತಂದು ನಂದಿನಿ ಲೇಔಟಿನ ಕ್ಲಬ್ಬಿನಲ್ಲಿ ಆಡಿದಳು. ಅಡ್ಡ ನಿಂತ ಚೆಂಡನ್ನು ಬಿಳಿ ಚೆಂಡು ಹಾರಿ ದಾಟಿತು ನಿಜ. ಆದರೆ ಟೇಬಲನ್ನೂ ದಾಟಿ ನೆಲಕ್ಕೆ ಬಿತ್ತು. ಒಂದಲ್ಲ, ಏಳು ಸಲ.

ಅವನು ಹೇಳೋಕೆ ಹೊರಟಿದ್ದು ಇದನ್ನೇನಾ...?

ಶುಕ್ರವಾರ ಸಂಜೆ ಆಫೀಸಿನಿಂದ ನೇರ ಅಂಗಡಿಗೆ ಬಂದಳು.

"ಅವತ್ತು ನಿಮ್ಮನ್ನ ಮಾತಾಡೋಕೇ ಬಿಡ್ಲಿಲ್ಲ. ಏನು ಹೇಳೋಕಿದ್ರಿ?"

ಗಿರಿರಾಜ್ ಮುಖದಲ್ಲಿ ಸಮಾಧಾನ ಕಂಡಿತು. "ನಿಮ್ಮ ಹೊಡೆತ ಜೋರು. ಜಂಪ್‌ಗೆ ಸ್ವಲ್ಪ ತೂಕದ ಕ್ಯೂ ಆದ್ರೆ ಹಿಡಿತಕ್ಕೆ ಸಿಗತ್ತೆ. ಆದ್ರೆ ಎಲ್ಲಾ ಕಡೆ ಹಾರಿಸಲೇಬೇಕು ಅಂತೇನಿಲ್ಲ." ಅಗಲ ತುದಿಯ, ಭಾರದ ಕೋಲೊಂದನ್ನು ಅವಳ ಕೈಗಿತ್ತ. "ಇದು ಮಸ್ಸೆ ಕ್ಯೂ. ನೆಟ್ಟಗೆ ನಿಲ್ಲಿಸಿ ಮೇಲಿಂದ ಹೊಡೀರಿ. ಚೆಂಡು ಅಡ್ಡ ಇದ್ದದ್ದನ್ನ ಬಳಸಿಕೊಂಡು ಹೋಗತ್ತೆ."

ಅಂಗಡಿಯ ಹಿಂದಿನ ಟೇಬಲಿನಲ್ಲಿ ಎರಡು ಸಲ ತಪ್ಪಿತು. ಮೂರನೇ ಸಲ ಬಿಳಿ ಚೆಂಡು ಅಡ್ಡವಿದ್ದದ್ದನ್ನು ಸುತ್ತಿ ಬಾಗಿ, ಗುರಿಗೆ ಹೋಗಿ ತಾಕಿತು. ರಕ್ಷಾಳ ಮೈ ಜುಮ್ಮೆಂದಿತು.

"ನನ್ನ ಹೊಡೆತ ಜೋರು ಅಂತ ನಿಮಗೆ ಹೇಗೆ ಗೊತ್ತು?"

"ಬಸವೇಶ್ವರನಗರದಲ್ಲಿ ನಿಮ್ಮ ಪಂದ್ಯ ನೋಡಿದ್ದೆ... ಆಮೇಲಿನ ಮೂರೂ ನೋಡಿದೀನಿ."

"ಆಟ ನೋಡೋಕಾ?"

"ಮೊದಲನೇದಕ್ಕೆ ಬಂದಿದ್ದು ಆಟ ನೋಡೋಕೆ." ಅವನ ಕಿವಿ ಕೆಂಪಾಯಿತು.

ರಕ್ಷಾ ಕಣ್ಣು ತಗ್ಗಿಸಿ ದುಡ್ಡು ಕೊಟ್ಟಳು. ತೂಕದ ಜಂಪ್ ಕ್ಯೂ, ಮಸ್ಸೆ ಕ್ಯೂ ಎರಡನ್ನೂ ತೆಗೆದುಕೊಂಡು ಹೊರಟಳು. ಬಸ್ಸಿನಲ್ಲಿ ಸುಂಕದಕಟ್ಟೆ ಬರುವವರೆಗೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಇದು ಭಾನುವಾರದ ಭಯವಾ, ಅಥವಾ...

ಭಾನುವಾರ ಕೊನೆಯ ಪಂದ್ಯ. ಅವಳು ಹೊಡೆಯಬೇಕಾದ ಚೆಂಡಿಗೆ ಇನ್ನೊಂದು ಅಡ್ಡ ನಿಂತಿತ್ತು. ಹಾರಿಸಲು ಜಾಗವಿರಲಿಲ್ಲ. ಮಸ್ಸೆ ಕ್ಯೂ ನೆಟ್ಟಗೆ ಹಿಡಿದು, ಉಸಿರು ಬಿಗಿಹಿಡಿದು ಹೊಡೆದಳು. ಚೆಂಡು ಬಾಗಿ ಗುರಿ ಮುಟ್ಟಿತು, ಪಂದ್ಯ ಗೆದ್ದಳು. ತಂಡದಲ್ಲಿದ್ದ ಕೊನೆಯ ಜಾಗ ಅವಳದಾಯಿತು.

ಅಮ್ಮನಿಗೆ ಫೋನ್ ಮಾಡಿ ಹೊರಗೆ ಬಂದಾಗ ಗಿರಿರಾಜ್ ಗೇಟಿನ ಬಳಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

"ಈ ಸಲ ಪೂರ್ತಿ ಹೇಳಿ. ನಾನೆಲ್ಲೂ ಹೋಗಲ್ಲ," ಎಂದಳು ರಕ್ಷಾ.

"ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿ ಬಂತು. "ನಾಳೆ ಕೊಳ್ಳೋಕೆ ಏನೂ ಇಲ್ಲ... ಆದ್ರೂ ಅಂಗಡಿಗೆ ಬರ್ಲಾ?"

"ಬಾ," ಎಂದ ಅವನು, ಮೊದಲ ಸಲ ಏಕವಚನದಲ್ಲಿ.