ಹಳದಿ ಕಲ್ಲಿನ ಹಲ್ಲು

ಮುಬಶ್ಶಿರಾ ಅರ್ಧಕ್ಕೆ ಬಿಟ್ಟುಹೋದ ಹಲ್ಲನ್ನು ತುಂಗಭದ್ರೆಯ ತಳದಿಂದ ಎತ್ತಿ ತರಬೇಕಿತ್ತು. ಬೆಳಗ್ಗೆಯೇ ಹರಿಹರದ ದಂಡೆಯಿಂದ ತೆಪ್ಪ ಹೊರಟಿತು. ಮೂವರಿದ್ದರು: ತೆಪ್ಪದ ಪರಶುರಾಮ್, ಮುಬಶ್ಶಿರಾಳ ಜೊತೆ ಭೂವಿಜ್ಞಾನ ಓದಿದ ಭವ್ಯಾ, ಮುಬಶ್ಶಿರಾಳ ತಂದೆ ಇಮಾಮ್ ಸಾಬ್.

ಸಾಬರದು ದಾವಣಗೆರೆಯ ವಿನೋಬನಗರದಲ್ಲಿ ಕಲ್ಲು ಪಾಲಿಶ್ ಮಾಡುವ ಅಂಗಡಿ. ರಾಜಸ್ಥಾನದಿಂದ ಬಂದ ಹಳದಿ ಕಲ್ಲಿನ ತುಂಡೊಂದರಲ್ಲಿ ಮಗಳು ಕೋಟ್ಯಂತರ ವರ್ಷ ಹಿಂದಿನ ಶಾರ್ಕಿನ ಹಲ್ಲು ಗುರುತಿಸಿ, ಅದರ ಮೇಲೆ ಪ್ರಬಂಧ ಬರೆಯತೊಡಗಿದ್ದಳು. ಆಮೇಲೆ ಡೆಂಗ್ಯೂ ಬಂತು. ಆರೇ ದಿನ. ಆ ಕಲ್ಲನ್ನು ನೋಡಲಾರದೆ, ಲಂಗರಿಗೆ ಕಲ್ಲು ಕೇಳಲು ಬಂದ ಪರಶುರಾಮನಿಗೆ ಸಾಬರು ಅದನ್ನೇ ಕೊಟ್ಟುಬಿಟ್ಟರು. ಗೆಳತಿಯ ಪ್ರಬಂಧ ಮುಗಿಸಲೆಂದು ಮೊನ್ನೆ ಭವ್ಯಾ ಹಲ್ಲು ಕೇಳಿಕೊಂಡು ಬಂದಳು. ಅಷ್ಟರಲ್ಲಿ ಹಗ್ಗ ಹರಿದು ಲಂಗರು ಹೊಳೆ ಪಾಲಾಗಿತ್ತು.

ಸೇತುವೆ ಹಿಂದೆ ಸರಿದು ಸಣ್ಣದಾಯಿತು. ದಂಡೆಯುದ್ದಕ್ಕೂ ಜಾಲಿ, ನಡುಹೊಳೆಯಲ್ಲಿ ಕರಿಬಂಡೆಗಳ ಸಾಲು, ಅವುಗಳ ಮೇಲೆ ರೆಕ್ಕೆ ಹರವಿ ಬಿಸಿಲು ಕಾಯಿಸುತ್ತಿದ್ದ ನೀರುಕಾಗೆಗಳು. ನೋಡುವುದಕ್ಕೆ ಚೆಂದವೇ. ನೋಡುವ ಮನಸ್ಸು ಮಾತ್ರ ತೆಪ್ಪದಲ್ಲಿ ಯಾರಿಗೂ ಇರಲಿಲ್ಲ.

"ಇಡೀ ಶಾರ್ಕ್ ಸಿಗಲ್ವೇನಮ್ಮ?" ಸಾಬರು ಕೇಳಿದರು.

"ಇಲ್ಲ ಚಾಚಾ. ಅದರದು ಮೆತ್ತನೆ ಎಲುಬು, ಕರಗಿ ಹೋಗ್ತೈತೆ. ಉಳಿಯೋದು ಹೆಚ್ಚಾಗಿ ಹಲ್ಲೇ. ಅದರ ಅಂಚಿನ ಗರಗಸ ನೋಡಿದ್ರೆ ಏನು ತಿಂತಿತ್ತು, ಹೆಂಗೆ ಕಡೀತಿತ್ತು ಅಂತ ತಿಳೀತೈತೆ."

"ಇಲ್ಲೇರಿ ಹಗ್ಗ ಹರಿದಿದ್ದು." ಪರಶುರಾಮ್ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿ ಸಾಬರ ಕೈಗೆ ಕೊಟ್ಟು ಧುಮುಕಿದ.

ತೆಪ್ಪ ಗಿರ್ರನೆ ತಿರುಗಿತು. ಭವ್ಯಾ ಪಕ್ಕದ ಬಂಡೆಯನ್ನು ತಬ್ಬಿ ಹಿಡಿದು ಅದನ್ನು ನಿಲ್ಲಿಸಿದಳು.

ಒಂದು ಮುಳುಗು. ಬರಿಗೈ. ಇನ್ನೊಂದು. ಬರಿಗೈ. ಮೂರನೆಯ ಸಲ ಹಗ್ಗ ಜಗ್ಗಿತು, ಆಮೇಲೆ ಅಲ್ಲಾಡಲಿಲ್ಲ. ಬಂಡೆಸಂದಿಯಲ್ಲಿ ಅವನ ಕಾಲು ಸಿಕ್ಕಿಬಿದ್ದಿತ್ತು.

ಅಂಗೈ ಸುಲಿದರೂ ಸಾಬರು ಎಳೆದರು. "ಕಲ್ಲು ಬ್ಯಾಡಪ್ಪ, ನೀ ಬಾ," ಎಂದು ನೀರಿಗೇ ಹೇಳುತ್ತ ಎಳೆದರು.

ಪರಶುರಾಮ್ ಕೆಮ್ಮುತ್ತ ಮೇಲೆ ಬಂದ. ತೋಳಿನಡಿ ಹಳದಿ ಕಲ್ಲಿತ್ತು.

ದಂಡೆಗೆ ಬಂದ ಮೇಲೆ ಭವ್ಯಾ ಭೂತಗನ್ನಡಿ ಹಿಡಿದಳು. ಕಲ್ಲನ್ನು ಹೊರಳಿಸಿ ಮತ್ತೆ ನೋಡಿದಳು.

"ಯಾಕ, ಏನಾತಮ್ಮ?"

"ಈ ಕಡೆ ಅಂಚು ನುಣುಪಾಗೈತೆ ಚಾಚಾ. ಗರಗಸ ಇಲ್ಲ. ನೀರಿಗೆ ಸವೆದಿರಬೇಕು."

ಸಾಬರು ಬೆರಳಾಡಿಸಿದರು. ನಲವತ್ತು ವರ್ಷ ಕಲ್ಲು ಉಜ್ಜಿದ ಬೆರಳಿಗೆ ತನ್ನ ಕೆಲಸ ತಿಳಿಯದೇ ಇರುತ್ತದೆಯೇ?

"ನೀರಲ್ಲಮ್ಮ, ನಾನು. ಫಳಫಳ ಹೊಳೀಲಿ ಅಂತ, ಅವಳು ಕಾಲೇಜಿಗೆ ಹೋದಾಗ ಪಾಲಿಶ್ ಮಾಡಿಟ್ಟಿದ್ದೆ. ಬಂದು ನೋಡಿ, ಬಾಳ ಚೆಂದ ಆಗೈತೆ ಅಬ್ಬಾ, ಅಂದ್ಲು. ಒಂದು ಮಾತು ಬೈಲಿಲ್ಲ ನನ್ನ."

ಮರಳಿನ ಮೇಲೆ ಕುಸಿದು ಕೂತು ಅತ್ತರು. ಮಗಳನ್ನು ಮಣ್ಣು ಮಾಡಿದ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ಭವ್ಯಾ ಪಕ್ಕದಲ್ಲೇ ಕೂತಳು. "ಇನ್ನೊಂದು ಅಂಚು ಕಲ್ಲೊಳಗೇ ಐತೆ ಚಾಚಾ. ಅದರ ಗರಗಸ ಉಳಿದಿರ್ತೈತೆ. ಅವಳ ಹೆಸರಲ್ಲೇ ಬರೀತೀನಿ."

ಸಂಜೆ ಮನೆಯಲ್ಲಿ ಕಲ್ಲಿಳಿಸಿದಾಗ ಹೆಂಡತಿ ಅಮೀನಾಬೀ ನೀರು, ಬ್ರಷ್ಷು ತಂದಳು. ಕೆಸರು ಮೆತ್ತಿತ್ತು.

ಸಾಬರು ಅವಳ ಕೈ ಹಿಡಿದರು.

"ಬ್ಯಾಡ," ಎಂದರು. "ಹೆಂಗೈತೋ ಹಂಗೇ ಇರ್ಲಿ."