ಹಿಂದುಮುಂದಾದ ಎರಡು ಫೈಲು

"ರೀ! ಬೇರೆಯವರ ಫೈಲು ತೆಗೆಯೋಕೆ ನಾಚಿಕೆ ಆಗಲ್ವಾ?"

ಪಕ್ಕದ ಕುರ್ಚಿಯ ಸಹೋದ್ಯೋಗಿ ಸಿಡುಕಿದ. ಹವಾಮಾನ ಕಚೇರಿಯಲ್ಲಿ ಅವಳ ಮೊದಲ ದಿನ. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರು. ಗೊತ್ತಿಲ್ಲದೆ ಅವನ ಫೈಲು ತೆರೆದಿದ್ದಳು.

"ಇನ್ನು ನಿಮ್ಮನ್ನ ಕೇಳದೆ ನಿಮ್ಮ ಫೈಲು ಮುಟ್ಟಲ್ಲ. ಇದು ನನ್ನ ಮಾತು," ಎಂದು ಮಾತು ಕೊಟ್ಟಳು.

ವರ್ಷಗಳು ಉರುಳಿದವು. ಅಂದು ಸಿಡುಕಿದವನೇ ಅವಳ ಮನಸ್ಸಿನೊಳಗೆ ಬಂದು ಕೂತುಬಿಟ್ಟ. ಅವನೋ, ಇಡೀ ಕಚೇರಿಗೆ 'ಮೌನಿ'. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಈಚೆಗಂತೂ ಅವಳು ಹತ್ತಿರ ಬಂದರೆ ಸಾಕು, ಪರದೆ ಅಳಿಸಿಬಿಡುತ್ತಿದ್ದ!

ಕ್ಯಾಂಟೀನ್ ಅಕ್ಕ ಬೇರೆ ಬೆಂಕಿಗೆ ತುಪ್ಪ ಸುರಿದಳು. "ನಿಮ್ಮ ಮೌನಿಗೆ ಎಲ್ಲೋ ಹೆಣ್ಣು ಗೊತ್ತಾಗಿದೆ ಕಣಮ್ಮ. ಒಬ್ಬೊಬ್ಬನೇ ನಗ್ತಾನೆ!"

"ಆದ್ರೆ ನನಗೇನು?" ಎಂದಳು. ಅರ್ಧ ಕುಡಿದ ಟೀ ಅಲ್ಲೇ ಬಿಟ್ಟು ಎದ್ದಳು.

ಅವನು ಟೀಗೆ ಎದ್ದುಹೋದಾಗ ಫೈಲುಗಳ ಹೆಸರಿನ ಮೇಲೆ ಕಣ್ಣಾಡಿಸಿದಳು. ಗಾಳಿ, ಮಳೆ, ಮೋಡ... ನಡುವೆ 'ಮದುವೆ'!

ಯಾರ ಜೊತೆ?

'ತೆರೆಯೋದು ಬೇಡ... ನಕಲು ಮಾಡಿಕೊಳ್ತೀನಿ, ಅಷ್ಟೇ. ಅದು ತೆರೆದ ಹಾಗಲ್ಲವಲ್ಲ!'

ನಕಲು ಮಾಡಲು ಇಬ್ಬರೂ ಸೇರಿ 'ಸಿ' ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮಿತ್ತು. ಕಂಪ್ಯೂಟರಿಗೆ ಆಜ್ಞೆ ಕೊಡುವ ಕಮಾಂಡ್ ಸಾಲಿನಲ್ಲಿ ಅದರ ಹೆಸರು, ಮುಂದೆ ಎರಡು ಫೈಲಿನ ಹೆಸರು. ಮೊದಲನೆಯದನ್ನು ಅದು ಓದಲು ತೆರೆಯುತ್ತದೆ, ಎರಡನೆಯದನ್ನು, ಓದಿದ್ದನ್ನು ಅದರೊಳಗೆ ಬರೆಯಲು. ಬರೆಯಲು ತೆರೆದರೆ ಮುಗಿಯಿತು, ಅದರಲ್ಲಿದ್ದ ಹಳೆಯದೆಲ್ಲ ಗುಡಿಸಿ ಹಾಕಿದಂತೆ.

ಬಾಗಿಲ ಕಡೆಗೊಂದು ಕಣ್ಣು, ಕೀಲಿಗಳ ಮೇಲೊಂದು ಕಣ್ಣು. ಅವಸರದ ಬೆರಳು ತನ್ನ ಖಾಲಿ ಫೈಲಿನ ಹೆಸರನ್ನು ಮೊದಲು ಬರೆಯಿತು, ಅವನದನ್ನು ಆಮೇಲೆ...

ಎಂಟರ್ ಒತ್ತಿದ ಮೇಲೆ ಕಂಡಿತು. 'ಮದುವೆ' ಬರಿದಾಗಿತ್ತು!

"ಯಾಕ್ರೀ, ಬೆವರ್ತಿದೀರಾ?" ಬೆನ್ನ ಹಿಂದೆ ಅವನ ದನಿ.

ಕಂಪ್ಯೂಟರು ಕೆಟ್ಟಿತು ಅಂದಿದ್ದರೆ ನಂಬುತ್ತಿದ್ದ. ಆದರೆ ಅವಳು ಪರದೆಯನ್ನೇ ಅವನತ್ತ ತಿರುಗಿಸಿದಳು.

"ಕದ್ದು ಓದೋಕೆ ಹೋದೆ... ನಿಮ್ಮ 'ಮದುವೆ' ಅಳಿಸಿಹೋಯ್ತು."

ಅವನು ಪರದೆ ನೋಡಿದ. ತುಟಿಯಂಚಿನಲ್ಲಿ ನಗು ಇಣುಕಿತು.

"ಹೆಸರು ಅದಲುಬದಲಾದ್ರೆ ತಡೆಯೋ ಸಾಲು ಪ್ರೋಗ್ರಾಮಿಗೆ ಸೇರಿಸೋಣ ಅಂದಿದ್ದೆ. 'ಅಂಥ ಪೆದ್ದು ಯಾರಿರ್ತಾರೆ' ಅಂದೋರು ಯಾರು?"

"ತಮಾಷೆ ಸಾಕು! ಯಾರು ಆ ಹುಡುಗಿ? ಅದನ್ನಾದ್ರೂ ಹೇಳಿ."

ಅವನ ಕಿವಿ ಕೆಂಪಾಯಿತು.

"ಬಾಯಲ್ಲಿ ಹೇಳೋಕೆ ಬರಲ್ಲ ಅಂತಾನೇ ಆ ಫೈಲಲ್ಲಿ ಬರೀತಿದ್ದೆ... ಬರೆದು, ತಿದ್ದಿ, ಮತ್ತೆ ಬರೆದು. ಈಗ ಬಾಯೇ ಗತಿ!" ಕುರ್ಚಿ ಎಳೆದು ಅವಳೆದುರು ಕೂತ. "ಮಳೆ ಅಳೆಯೋಕೆ ನೀವು ಮಾಳಿಗೆ ಹತ್ತಿದ್ರೆ, ಇಳಿದು ಬರೋವರೆಗೂ ನನ್ನ ಲೆಕ್ಕ ಎಲ್ಲಾ ತಪ್ಪುತ್ತೆ."

ಮೌನಿ ಇಷ್ಟುದ್ದ ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಪೂರ್ತಿ ಹೇಳಿ..."

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ. ಆದ್ರೆ... ಮಾತಿಗೆ ತಪ್ಪಿದವಳನ್ನ ನಂಬ್ತೀರಾ?"

"ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲವಲ್ಲ... ನಂಬ್ತೀನಿ."

ಅವಳು ಅವನ ಕೈ ಹಿಡಿದಳು.

ಮುರಿದದ್ದು ಕೊಟ್ಟ ಮಾತು ಮಾತ್ರ, ನಂಬಿಕೆಯಲ್ಲ.